ಬೆಳಗಿನ ಹೊತ್ತು ಮುಷ್ಟಿ ಕಟ್ಟಲಾಗುತ್ತಿಲ್ಲವೇ? ಉರಿಯೂತದ ಸಂಧಿವಾತ ಇರುವವರಿಗೂ ಅವರ ಮನೆಯವರಿಗೂ ಒಂದು ಮಾರ್ಗದರ್ಶಿ

ಕೈಬೆರಳುಗಳ ಗೆಣ್ಣುಗಳು ಊದಿವೆ, ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಆಗುತ್ತಿಲ್ಲ, ರಕ್ತಪರೀಕ್ಷೆಯಲ್ಲಿ ಏನೋ ‘ಪಾಸಿಟಿವ್’ ಎಂದು ಬಂದಿದೆ, ಮುಂದೇನು ಮಾಡಬೇಕು? ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: ಔಷಧಿಯನ್ನು ಜೀವನಪೂರ್ತಿ ನುಂಗಬೇಕೇ, ಪಥ್ಯ ಮಾಡಿದರೆ ಸಾಲದೇ? ಎರಡಕ್ಕೂ ಒಂದೇ ಕಡೆ, ಕ್ರಮವಾಗಿ ಉತ್ತರ ಸಿಗಲಿ ಎಂಬ ಉದ್ದೇಶದಿಂದ ಈ ಲೇಖನವನ್ನು ಬರೆದಿದ್ದೇನೆ.

ಮೊದಲು ಒಂದು ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು. ನಮ್ಮಲ್ಲಿ ಕೀಲುನೋವಿಗೆಲ್ಲ ‘ವಾತ’ ಎಂಬ ಒಂದೇ ಹೆಸರಿದೆ. ಆದರೆ ವಯಸ್ಸಾದವರ ಮಂಡಿಯಲ್ಲಿ ಮೃದು ಎಲುಬು ಸವೆದು ಬರುವ ನೋವು ಬೇರೆ, ಉರಿಯೂತದ ಸಂಧಿವಾತ ಬೇರೆ. ಸವೆತದ ನೋವು ನಡೆದಷ್ಟೂ ಹೆಚ್ಚುತ್ತದೆ, ಕುಳಿತರೆ ಕಡಿಮೆಯಾಗುತ್ತದೆ. ಉರಿಯೂತದ ನೋವು ಇದಕ್ಕೆ ತದ್ವಿರುದ್ಧ: ರಾತ್ರಿಯ ವಿಶ್ರಾಂತಿಯ ನಂತರ, ಬೆಳಗಿನ ಜಾವದಲ್ಲಿ ಅದು ಅತಿ ಹೆಚ್ಚಾಗಿರುತ್ತದೆ ಮತ್ತು ಕೈಕಾಲು ಆಡಿಸುತ್ತ ಹೋದಂತೆ ಸಡಿಲಗೊಳ್ಳುತ್ತದೆ. ಇದರಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ಪೊರೆ ಊದಿಕೊಂಡು, ಪಕ್ಕದ ಮೃದು ಎಲುಬನ್ನೂ ಗಟ್ಟಿ ಎಲುಬನ್ನೂ ಕೊರೆಯತೊಡಗುತ್ತದೆ. ಹೀಗೆ ಒಮ್ಮೆ ಹಾಳಾದ ಎಲುಬನ್ನು ಯಾವ ಗುಳಿಗೆಯೂ ಮೊದಲಿನಂತೆ ಮಾಡಲಾರದು. ಹಾಗಾಗಿ ಈ ಕಾಯಿಲೆಯಲ್ಲಿ ಮೊದಲ ಮೂರರಿಂದ ಆರು ತಿಂಗಳು ಎಲ್ಲಕ್ಕಿಂತ ಬೆಲೆಯುಳ್ಳ ಕಾಲ.

ಈ ಗುಂಪಿನಲ್ಲಿ ಹಲವು ಕಾಯಿಲೆಗಳಿವೆ. ಹೆಚ್ಚಾಗಿ ಕಾಣುವ ರುಮಟಾಯ್ಡ್ ಆರ್ಥ್ರೈಟಿಸ್ ಕೈಕಾಲುಗಳ ಸಣ್ಣ ಕೀಲುಗಳನ್ನು ಎಡಬಲ ಎರಡೂ ಕಡೆ ಹಿಡಿಯುತ್ತದೆ; ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು, ಅದೂ ಬಹುತೇಕ 30ರಿಂದ 50ರ ನಡುವಿನ ದುಡಿಯುವ ವಯಸ್ಸಿನಲ್ಲಿ ಆರಂಭವಾಗುತ್ತದೆ. ಬೆನ್ನುಮೂಳೆಯ ಕೀಲುಗಳನ್ನು ಹಿಡಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಹೆಚ್ಚಾಗಿ ಹರೆಯದ ಗಂಡುಮಕ್ಕಳಲ್ಲಿ ಕಾಣಿಸುತ್ತದೆ. ಸೋರಿಯಾಸಿಸ್ ಎಂಬ ಚರ್ಮರೋಗ ಇರುವವರಲ್ಲಿ ಬರುವುದು ಇನ್ನೊಂದು ಬಗೆ. ಮಕ್ಕಳಿಗೂ ಬರುತ್ತದೆ. ಈ ಲೇಖನದಲ್ಲಿ ರುಮಟಾಯ್ಡ್ ಬಗೆಯನ್ನೇ ಮುಖ್ಯವಾಗಿಟ್ಟುಕೊಂಡಿದ್ದೇನೆ.

ಹಂತ 1: ವೈದ್ಯರ ಬಳಿ ಹೋಗುವ ಮುನ್ನ ಬರೆದಿಡಿ

ಒಂದು ನೋಟುಪುಸ್ತಕ ಮತ್ತು ಮೊಬೈಲಿನ ಕ್ಯಾಮೆರಾ ಇದ್ದರೆ ಸಾಕು. ಯಾವ ಕೀಲು, ಯಾವ ತಿಂಗಳಿನಿಂದ, ಎರಡೂ ಕಡೆ ಇದೆಯೇ ಎಂಬುದನ್ನು ಬರೆದಿಡಿ. ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಗಡಿಯಾರ ನೋಡಿಯೇ ಬರೆಯಿರಿ. ‘ಸ್ವಲ್ಪ ಹೊತ್ತು’ ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಅರ್ಧ ಗಂಟೆ ಮೀರಿದರೆ ಅದು ಗಂಭೀರ ಸೂಚನೆ. ಊತ ಬೆಳಿಗ್ಗೆ ಹೆಚ್ಚಾಗಿದ್ದು ಮಧ್ಯಾಹ್ನ ಆಸ್ಪತ್ರೆ ತಲುಪುವ ಹೊತ್ತಿಗೆ ಇಳಿದಿರುವುದು ಸಾಮಾನ್ಯವಾದ್ದರಿಂದ, ಎದ್ದ ಕೂಡಲೇ ಎರಡೂ ಕೈಗಳನ್ನು ಪಕ್ಕಪಕ್ಕದಲ್ಲಿಟ್ಟು ಫೋಟೋ ತೆಗೆದಿಟ್ಟುಕೊಳ್ಳಿ.

ಮನೆಯಲ್ಲೇ ಮಾಡಬಹುದಾದ ಒಂದು ಸರಳ ಪರೀಕ್ಷೆಯೂ ಇದೆ. ತೋರುಬೆರಳಿನಿಂದ ಕಿರುಬೆರಳಿನವರೆಗೆ, ಬೆರಳುಗಳು ಅಂಗೈಗೆ ಸೇರುವ ಗೆಣ್ಣುಗಳ ಸಾಲನ್ನು ಇನ್ನೊಬ್ಬರು ಕೈಕುಲುಕುವಂತೆ ಹಿಡಿದು ಮೆಲ್ಲಗೆ ಅದುಮಲಿ. ಅಷ್ಟಕ್ಕೇ ನೋವಾದರೆ, ಅದರ ಜೊತೆಗೆ ಊತವೂ ಬೆಳಗಿನ ಬಿಗಿತವೂ ಆರು ವಾರಗಳಿಂದ ಇದ್ದರೆ, ತಡಮಾಡಬಾರದು.

ಒಂದು ಎಚ್ಚರಿಕೆ: ಒಂದೇ ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ ಊದಿ ಜ್ವರವೂ ಬಂದಿದ್ದರೆ ಅದು ಕೀಲಿನೊಳಗಿನ ಸೋಂಕಾಗಿರಬಹುದು. ನೋಟುಪುಸ್ತಕವನ್ನು ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ.

ಹಂತ 2: ಸರಿಯಾದ ವೈದ್ಯರನ್ನು ಹುಡುಕಿ

ಈ ಕಾಯಿಲೆಯ ತಜ್ಞರನ್ನು ರುಮಟಾಲಜಿಸ್ಟ್ ಎನ್ನುತ್ತಾರೆ. ಮೂಳೆ ಡಾಕ್ಟರು ಎಂದು ನಾವು ಕರೆಯುವ ಆರ್ಥೋಪೆಡಿಕ್ ವೈದ್ಯರು ಮುಖ್ಯವಾಗಿ ಶಸ್ತ್ರಚಿಕಿತ್ಸಕರು. ರುಮಟಾಲಜಿಸ್ಟರು ಔಷಧಿಯಿಂದ ರೋಗನಿರೋಧಕ ವ್ಯವಸ್ಥೆಯನ್ನು ಹತೋಟಿಗೆ ತರುವವರು. ನಮ್ಮ ರಾಜ್ಯದಲ್ಲಿ ಇಂಥ ತಜ್ಞರು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ನಗರಗಳಲ್ಲೇ ಹೆಚ್ಚಾಗಿದ್ದಾರೆ. ತಾಲ್ಲೂಕಿನಲ್ಲಿ ಇರುವವರು ಮೊದಲು ಸರ್ಕಾರಿ ಆಸ್ಪತ್ರೆಯ ಅಥವಾ ಹತ್ತಿರದ ವೈದ್ಯಕೀಯ ಕಾಲೇಜಿನ ಜನರಲ್ ಮೆಡಿಸಿನ್ ವಿಭಾಗಕ್ಕೆ ತೋರಿಸಿ, ತಜ್ಞರಿಗೆ ಒಂದು ಪತ್ರ ಬರೆಸಿಕೊಳ್ಳಿ. ರೋಗ ಯಾವುದೆಂದು ತಜ್ಞರು ಗುರುತಿಸಿ ಔಷಧಿ ಆರಂಭಿಸಿದ ಮೇಲೆ, ನಡುವಿನ ರಕ್ತಪರೀಕ್ಷೆಗಳನ್ನು ಊರಿನಲ್ಲೇ ಮಾಡಿಸಿ ವರದಿ ಕಳಿಸಬಹುದೇ ಎಂದು ಮೊದಲ ಭೇಟಿಯಲ್ಲೇ ಕೇಳಿ. ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿ ಹೋಗುತ್ತದೆಂದು ಎರಡನೆಯ ಭೇಟಿಗೇ ಹೋಗದೆ ಚಿಕಿತ್ಸೆ ಬಿಟ್ಟವರು ಬಹಳ ಮಂದಿ ಇದ್ದಾರೆ.

ಹೋಗುವಾಗ ಹಳೆಯ ವರದಿಗಳನ್ನೂ ಈಗ ನುಂಗುತ್ತಿರುವ ಎಲ್ಲ ಔಷಧಿಗಳ ಖಾಲಿ ಪಟ್ಟಿಗಳನ್ನೂ (ಸ್ಟ್ರಿಪ್) ಕೊಂಡೊಯ್ಯಿರಿ. ನಾಟಿ ಪುಡಿ, ಲೇಹ್ಯ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತೋರಿಸಿ, ಬೈಯುತ್ತಾರೆಂದು ಮುಚ್ಚಿಡಬೇಡಿ.

ಹಂತ 3: ಪರೀಕ್ಷೆಯ ಕಾಗದವನ್ನು ಓದುವುದನ್ನು ಕಲಿಯಿರಿ

ಹೆಚ್ಚು ಗೊಂದಲ ಹುಟ್ಟುವುದು ಇಲ್ಲೇ. ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಎಂಬ ಎರಡು ಪರೀಕ್ಷೆಗಳು ದೇಹದಲ್ಲಿ ಎಲ್ಲೋ ಉರಿಯೂತ ಇದೆ ಎಂಬುದನ್ನು ಮಾತ್ರ ಹೇಳುತ್ತವೆ. ಯಾವ ಕಾರಣಕ್ಕೆ ಎಂಬುದನ್ನು ಹೇಳುವುದಿಲ್ಲ. ಆರ್.ಎ. ಫ್ಯಾಕ್ಟರ್ ಎಂಬುದು ರಕ್ತದಲ್ಲಿನ ಒಂದು ಪ್ರತಿಕಾಯ, ಅಂದರೆ ರೋಗನಿರೋಧಕ ವ್ಯವಸ್ಥೆ ತಯಾರಿಸುವ ಪ್ರೋಟೀನು. ಇದು ಆರೋಗ್ಯವಂತರಲ್ಲಿ ಕೆಲವರಿಗೂ, ಕ್ಷಯ ಮತ್ತು ಹೆಪಟೈಟಿಸ್ ಸಿ ಇರುವವರಿಗೂ ಪಾಸಿಟಿವ್ ಬರಬಹುದು. ಅದೇ ವೇಳೆ, ನಿಜವಾಗಿ ರುಮಟಾಯ್ಡ್ ಇರುವ ಸುಮಾರು ಐವರಲ್ಲಿ ಒಬ್ಬರಿಗೆ ನೆಗೆಟಿವ್ ಬರುತ್ತದೆ. ಆ್ಯಂಟಿ ಸಿ.ಸಿ.ಪಿ. ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆ ಇದಕ್ಕಿಂತ ನಂಬಿಕೆಗೆ ಅರ್ಹ; ಲಕ್ಷಣಗಳು ಕಾಣಿಸಿಕೊಳ್ಳುವ ವರ್ಷಗಳ ಮೊದಲೇ ಅದು ರಕ್ತದಲ್ಲಿ ಇರಬಹುದು. ಒಟ್ಟಿನಲ್ಲಿ ರೋಗವನ್ನು ನಿರ್ಧರಿಸುವುದು ಊದಿದ ಕೀಲುಗಳನ್ನು ಕೈಯಿಂದ ಮುಟ್ಟಿ ನೋಡುವ ವೈದ್ಯರು, ಒಂಟಿ ಕಾಗದವಲ್ಲ.

ಲ್ಯಾಬುಗಳು ಕೀಲುನೋವಿಗೆಂದು ಕಟ್ಟಾಗಿ ಮಾರುವ ಪರೀಕ್ಷೆಗಳಲ್ಲಿ ಎ.ಎಸ್.ಓ. ಎಂಬುದೊಂದು ಸೇರಿರುತ್ತದೆ. ಅದು ಗಂಟಲಿನ ಒಂದು ಬಗೆಯ ಬ್ಯಾಕ್ಟೀರಿಯಾ ಸೋಂಕು ಹಿಂದೆ ಆಗಿತ್ತೆಂದು ತಿಳಿಸುವ ಪರೀಕ್ಷೆ; ಮುಖ್ಯವಾಗಿ ಮಕ್ಕಳಲ್ಲಿ ಕಾಣುವ, ಹೃದಯದ ಕವಾಟಕ್ಕೆ ತೊಂದರೆ ಕೊಡುವ ರುಮ್ಯಾಟಿಕ್ ಜ್ವರಕ್ಕೆ ಸಂಬಂಧಿಸಿದ್ದು. ಇದು ಹೆಚ್ಚಾಗಿದೆ ಎಂಬ ಒಂದೇ ಕಾರಣಕ್ಕೆ ನಡುವಯಸ್ಸಿನವರು ತಿಂಗಳಿಗಿಷ್ಟು ಎಂದು ಪೆನ್ಸಿಲಿನ್ ಚುಚ್ಚುಮದ್ದು ಹಾಕಿಸಿಕೊಳ್ಳುತ್ತ ಕಾಲ ಕಳೆಯುವುದುಂಟು. ನಿಮಗೆ ಹೀಗೆ ಸಲಹೆ ಬಂದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ.

ಇನ್ನೊಂದು ವಿಷಯ ನಮ್ಮ ರಾಜ್ಯಕ್ಕೆ ನೇರವಾಗಿ ಸಂಬಂಧಿಸಿದ್ದು. 2006ರಲ್ಲಿ ಕರ್ನಾಟಕದ ಊರೂರುಗಳನ್ನು ಮಲಗಿಸಿದ ಚಿಕುನ್‌ಗುನ್ಯ ಈಗಲೂ ಮಳೆಗಾಲದಲ್ಲಿ ಬಂದುಹೋಗುತ್ತಿರುತ್ತದೆ. ಜ್ವರ ಬಿಟ್ಟ ಮೇಲೂ ಅದರ ಕೀಲುನೋವು ತಿಂಗಳುಗಟ್ಟಲೆ ಉಳಿಯಬಹುದು ಮತ್ತು ನೋಡಲು ಥೇಟು ರುಮಟಾಯ್ಡ್‌ನಂತೆಯೇ ಇರಬಹುದು. ಆದ್ದರಿಂದ ನೋವು ಜ್ವರದಿಂದ ಆರಂಭವಾಯಿತೇ, ಮನೆಯಲ್ಲಿ ಬೇರೆಯವರಿಗೂ ಬಂದಿತ್ತೇ ಎಂಬುದನ್ನು ತಪ್ಪದೆ ಹೇಳಿ. ಹಾಗೆಯೇ, ‘ಚಿಕುನ್‌ಗುನ್ಯ ನೋವು, ತಾನಾಗಿಯೇ ಹೋಗುತ್ತದೆ’ ಎಂದು ವರ್ಷಗಟ್ಟಲೆ ಕಾಯಲೂ ಬೇಡಿ.

ಹಂತ 4: ಮೂಲ ಔಷಧಿಯನ್ನು ಅರ್ಥ ಮಾಡಿಕೊಂಡು ನುಂಗಿ

ಈ ಲೇಖನದಲ್ಲಿ ಒಂದೇ ಭಾಗವನ್ನು ಓದಲು ನಿಮಗೆ ಸಮಯವಿದ್ದರೆ ಇದನ್ನೇ ಓದಿ.

ನೋವು ಕಡಿಮೆ ಮಾಡುವ ಗುಳಿಗೆ ಬೇರೆ, ರೋಗದ ಓಟವನ್ನೇ ತಡೆಯುವ ಔಷಧಿ ಬೇರೆ. ಎರಡನೆಯದನ್ನು ವೈದ್ಯರು ‘ಡಿ-ಮಾರ್ಡ್’ ಎಂದು ಕರೆಯುತ್ತಾರೆ. ಇವುಗಳಲ್ಲಿ ಮೊದಲು ಬಳಸುವುದು ಸಾಮಾನ್ಯವಾಗಿ ಮೆಥೊಟ್ರೆಕ್ಸೇಟ್. ಇದರ ಜೊತೆಗೆ ಅಥವಾ ಬದಲಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್, ಲೆಫ್ಲುನೊಮೈಡ್ ಕೊಡುವುದೂ ಉಂಟು.

ಮೆಥೊಟ್ರೆಕ್ಸೇಟನ್ನು ನುಂಗುವುದು ವಾರಕ್ಕೆ ಒಂದೇ ದಿನ. ದಿನಾ ಅಲ್ಲ. ಔಷಧಿ ಅಂಗಡಿಯವರು ಪೊಟ್ಟಣದ ಮೇಲೆ ಅಭ್ಯಾಸಬಲದಿಂದ ‘ದಿನಕ್ಕೊಂದು’ ಎಂದು ಬರೆದುಬಿಡುವುದರಿಂದ, ಓದಲು ಬಾರದ ಹಿರಿಯರಿಗೆ ಮನೆಯವರು ಬೇರೆ ಗುಳಿಗೆಗಳ ಜೊತೆ ಇದನ್ನೂ ದಿನವೂ ಕೊಟ್ಟುಬಿಡುವುದರಿಂದ ಪ್ರಾಣಾಪಾಯವೇ ಆಗುತ್ತದೆ. ಬಾಯಿಹುಣ್ಣು, ಜ್ವರ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಾಣಿಸಿಕೊಂಡರೆ ಗುಳಿಗೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಇದನ್ನು ತಪ್ಪಿಸಲು ವಾರದ ಒಂದು ದಿನವನ್ನು ವೈದ್ಯರ ಚೀಟಿಯಲ್ಲೇ ಹೆಸರಿಟ್ಟು ಬರೆಸಿಕೊಳ್ಳಿ, ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳಿಡೀ ಗುರುತು ಹಾಕಿಡಿ, ಗುಳಿಗೆಯ ಪಟ್ಟಿಯನ್ನು ಬೇರೆ ಔಷಧಿಗಳ ಡಬ್ಬಿಯಲ್ಲಿ ಇಡದೆ ಪ್ರತ್ಯೇಕವಾಗಿ ಇಡಿ. ಪಟ್ಟಿಯ ಮೇಲಿನ ಮಿಲಿಗ್ರಾಂ ಸಂಖ್ಯೆಯನ್ನೂ ಪ್ರತಿ ಸಲ ಓದಿ ನೋಡಿ, 2.5, 7.5, 10, 15 ಹೀಗೆ ಬೇರೆ ಬೇರೆ ಪ್ರಮಾಣದ ಗುಳಿಗೆಗಳು ಬರುತ್ತವೆ, ಅಂಗಡಿ ಬದಲಾದಾಗ ಪ್ರಮಾಣವೂ ಬದಲಾಗಿರುವ ಸಾಧ್ಯತೆ ಇದೆ.

ಇದರೊಂದಿಗೆ ಫೋಲಿಕ್ ಆಸಿಡ್ ಗುಳಿಗೆಯನ್ನೂ ಕೊಡುತ್ತಾರೆ. ಅದು ಬಾಯಿಹುಣ್ಣು, ಹೊಟ್ಟೆತೊಳಸುವಿಕೆಯಂಥ ತೊಂದರೆಗಳನ್ನು ತಗ್ಗಿಸುವ ವಿಟಮಿನ್. ‘ಬರೀ ವಿಟಮಿನ್ ತಾನೇ’ ಎಂದು ಬಿಡಬೇಡಿ. ಯಾವ ದಿನ ನುಂಗಬೇಕೆಂದು ನಿಮ್ಮ ವೈದ್ಯರು ಹೇಳಿದ್ದಾರೋ ಹಾಗೆಯೇ ನಡೆಯಿರಿ. ರಕ್ತಕಣಗಳ ಎಣಿಕೆ, ಪಿತ್ತಜನಕಾಂಗ ಮತ್ತು ಮೂತ್ರಪಿಂಡದ ಪರೀಕ್ಷೆಗಳನ್ನು ಆರಂಭದಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ನಂತರ ಎರಡು ಮೂರು ತಿಂಗಳಿಗೊಮ್ಮೆ ಮಾಡಿಸಬೇಕಾಗುತ್ತದೆ. ಮದ್ಯಪಾನ ಮಾಡುವವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಮೂತ್ರದ ಸೋಂಕಿಗೋ ಭೇದಿಗೋ ಬೇರೆ ವೈದ್ಯರಲ್ಲಿ ಹೋದಾಗ ಮೆಥೊಟ್ರೆಕ್ಸೇಟ್ ನುಂಗುತ್ತಿರುವುದನ್ನು ಮೊದಲು ತಿಳಿಸಿ, ಏಕೆಂದರೆ ಕೋಟ್ರೈಮೊಕ್ಸಜೋಲ್ ಎಂಬ ಸಾಮಾನ್ಯ ಆ್ಯಂಟಿಬಯಾಟಿಕ್ ಇದರ ಜೊತೆ ಸೇರಿದರೆ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿಯಬಹುದು. ಜ್ವರ ಬಂದಿದ್ದರೆ ಆ ವಾರದ ಗುಳಿಗೆ ನುಂಗುವ ಮುನ್ನ ವೈದ್ಯರಿಗೆ ಕರೆ ಮಾಡಿ.

ಪರಿಣಾಮ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಹದಿನೈದು ದಿನಕ್ಕೆ ‘ಏನೂ ಪ್ರಯೋಜನವಾಗಲಿಲ್ಲ’ ಎಂದು ಬಿಡುವುದು ಒಂದು ತಪ್ಪು. ನಾಲ್ಕು ತಿಂಗಳಿಗೆ ‘ಗುಣವಾಯಿತು’ ಎಂದು ಬಿಡುವುದು ಇನ್ನೂ ದೊಡ್ಡ ತಪ್ಪು. ನೋವಿಲ್ಲದಿರುವುದು ಔಷಧಿ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಬಿಟ್ಟವರಲ್ಲಿ ಹೆಚ್ಚಿನವರಿಗೆ ರೋಗ ಮತ್ತೆ ಕೆರಳುತ್ತದೆ. ಕಡಿಮೆ ಮಾಡಬಹುದಾದ ಕಾಲ ಬಂದರೆ ವೈದ್ಯರೇ ಹಂತಹಂತವಾಗಿ ಮಾಡುತ್ತಾರೆ. ಅವರು ಪ್ರತಿ ಭೇಟಿಯಲ್ಲೂ 28 ಕೀಲುಗಳನ್ನು ಒತ್ತಿ ನೋಡಿ, ಇ.ಎಸ್.ಆರ್. ಅಥವಾ ಸಿ.ಆರ್.ಪಿ. ಜೊತೆ ಸೇರಿಸಿ ಒಂದು ಅಂಕ ಲೆಕ್ಕ ಹಾಕುವುದುಂಟು. ನಿಮ್ಮ ಅಂಕ ಎಷ್ಟು, ತಲುಪಬೇಕಾದದ್ದು ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಅದು ನಿಮ್ಮ ಹಕ್ಕು.

ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಳ್ಳುವವರು ಆರಂಭದಲ್ಲೂ, ಅನಂತರ ವೈದ್ಯರು ಹೇಳಿದ ಅಂತರದಲ್ಲೂ ಕಣ್ಣಿನ ಅಕ್ಷಿಪಟಲದ ಪರೀಕ್ಷೆ ಮಾಡಿಸಬೇಕು. ಸಲ್ಫಾಸಲಜಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಬಹುದು, ಗಾಬರಿ ಬೇಡ. ಇವು ಯಾವುದಕ್ಕೂ ರೋಗ ಬಗ್ಗದಿದ್ದರೆ ‘ಬಯಾಲಜಿಕಲ್’ ಎಂಬ ದುಬಾರಿ ಚುಚ್ಚುಮದ್ದುಗಳಿವೆ. ಕೆಲವು ಮಲಗಿರುವ ಕ್ಷಯವನ್ನು ಎಬ್ಬಿಸಬಲ್ಲವಾದ್ದರಿಂದ, ಆರಂಭಿಸುವ ಮುನ್ನ ಕ್ಷಯ ಮತ್ತು ಹೆಪಟೈಟಿಸ್ ಪರೀಕ್ಷೆ ಕಡ್ಡಾಯವಾಗಿ ಆಗಬೇಕು. ಹಳೆಯ ಔಷಧಿಗಳ ಬೆಲೆ ಹೆಚ್ಚಿಲ್ಲ. ಜನೌಷಧಿ ಕೇಂದ್ರದಲ್ಲೂ ಕೇಳಿ ನೋಡಿ.

ಹಂತ 5: ನೋವಿನ ಗುಳಿಗೆ, ಸ್ಟೀರಾಯ್ಡ್ ಮತ್ತು ಹೆಸರಿಲ್ಲದ ಪುಡಿ

ಸ್ಟೀರಾಯ್ಡ್ ಎಂಬ ಮಾತು ಕೇಳಿದರೆ ಹೆದರುವವರೂ ಇದ್ದಾರೆ, ಅದನ್ನೇ ನೆಚ್ಚಿಕೊಂಡವರೂ ಇದ್ದಾರೆ. ಅಮೆರಿಕದ ವೈದ್ಯ ಫಿಲಿಪ್ ಹೆಂಚ್ ಮತ್ತು ಅವರ ಸಹೋದ್ಯೋಗಿಗಳು 1940ರ ದಶಕದ ಕೊನೆಯಲ್ಲಿ ಇದೇ ರೋಗಕ್ಕೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಬಳಸಿದಾಗ, ಹಾಸಿಗೆ ಹಿಡಿದವರು ಎದ್ದು ಓಡಾಡಿದರು. 1950ರಲ್ಲಿ ಅದಕ್ಕೆ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ಹೆಚ್ಚು ದಿನ ಬಳಸಿದಂತೆ ಎಲುಬು ತೆಳುವಾಗುವುದು, ಸಕ್ಕರೆ ಕಾಯಿಲೆ, ಸೋಂಕು, ಮುಖ ಊದುವುದು ಕಾಣಿಸಿಕೊಂಡವು. ಈಗ ಇದನ್ನು ಮೂಲ ಔಷಧಿ ಕೆಲಸ ಆರಂಭಿಸುವವರೆಗೆ ಸೇತುವೆಯಾಗಿ ಮಾತ್ರ, ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ಕೆಲವು ವಾರ ನುಂಗಿದ ಮೇಲೆ ಥಟ್ಟನೆ ನಿಲ್ಲಿಸಬಾರದು.

ನನಗೆ ನಿಜವಾಗಿ ಕಳವಳ ಹುಟ್ಟಿಸುವುದು ಜಾತ್ರೆ, ಸಂತೆಗಳಲ್ಲೂ ಟಪಾಲಿನಲ್ಲೂ ಬರುವ, ಏನು ಸೇರಿದೆ ಎಂದು ಬರೆಯದ ಪುಡಿಗಳು. ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಶಯ ಪಡಬೇಕು. ನಾನು ಇಲ್ಲಿ ಆಯುರ್ವೇದವನ್ನು ದೂರುತ್ತಿಲ್ಲ. ಹೆಸರು, ಪ್ರಮಾಣ, ತಯಾರಕರ ವಿಳಾಸ ಇಲ್ಲದ ಯಾವುದನ್ನೂ ನುಂಗಬೇಡಿ ಎನ್ನುತ್ತಿದ್ದೇನೆ. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆಗಳೂ ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗುವಂಥವಲ್ಲ. ಜಠರದಲ್ಲಿ ಹುಣ್ಣು, ರಕ್ತದೊತ್ತಡ, ಮೂತ್ರಪಿಂಡದ ಹಾನಿ ಆಗಬಹುದು, ರೋಗ ಎಲುಬನ್ನು ಕೊರೆಯುವುದಂತೂ ನಿಲ್ಲುವುದಿಲ್ಲ.

ಹಂತ 6: ಅಡುಗೆಮನೆ, ಬಚ್ಚಲು, ಹೊಲ

ಊಟದ ವಿಷಯ ಮೊದಲು. ಬದನೆಕಾಯಿ, ಟೊಮೆಟೊ, ಮೊಸರು, ಹುಣಸೆಹುಳಿ, ಬೇಳೆ ಎಲ್ಲವನ್ನೂ ಬಿಡಿಸುವ ಪಥ್ಯದಿಂದ ಈ ರೋಗ ಗುಣವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಉರಿಯೂತದಿಂದಲೇ ರಕ್ತಹೀನತೆ ಬರುವ ಈ ಕಾಯಿಲೆಯಲ್ಲಿ ಬೇಳೆಕಾಳು, ಸೊಪ್ಪು, ರಾಗಿ, ಹಾಲು, ಮೊಟ್ಟೆ ಬಿಟ್ಟರೆ ಸುಸ್ತು ಹೆಚ್ಚುತ್ತದೆ. ಯಾವುದೋ ಒಂದು ಪದಾರ್ಥ ತಿಂದಾಗಲೆಲ್ಲ ನಿಮಗೆ ನೋವು ಹೆಚ್ಚುತ್ತದೆಂದು ಕಂಡರೆ ಅದೊಂದನ್ನು ಬಿಡಿ, ಸಾಕು. ನಿಜವಾಗಿ ಬಿಡಬೇಕಾದದ್ದು ಬೀಡಿ, ಸಿಗರೇಟು. ಧೂಮಪಾನ ರೋಗ ಬರುವ ಸಾಧ್ಯತೆಯನ್ನೂ ತೀವ್ರತೆಯನ್ನೂ ಹೆಚ್ಚಿಸುತ್ತದೆ.

ಕೆಲಸದಲ್ಲಿ ಒಂದೇ ಸೂತ್ರ: ಸಣ್ಣ ಕೀಲಿನ ಭಾರವನ್ನು ದೊಡ್ಡ ಕೀಲಿಗೆ ವರ್ಗಾಯಿಸಿ. ಹಾಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಎತ್ತುವ ಬದಲು ಎರಡು ಹಿಡಿಯ ಪಾತ್ರೆಯನ್ನು ಎರಡೂ ಕೈಯಿಂದ ಎತ್ತಿ. ಬಟ್ಟೆಯನ್ನು ಮಣಿಕಟ್ಟು ತಿರುಚಿ ಹಿಂಡಬೇಡಿ. ನಲ್ಲಿಗೆ ಸುತ್ತಿ, ಅಂಗೈಗಳಿಂದ ಒತ್ತಿ ನೀರಿಳಿಸಿ, ಇಲ್ಲವೇ ಹಾಗೆಯೇ ಸೋರಲು ಬಿಡಿ. ಸೌಟು, ಚಾಕು, ಪೊರಕೆಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡರೆ ಬೆರಳುಗಳನ್ನು ಬಿಗಿಯಾಗಿ ಮಡಿಸಬೇಕಾಗುವುದಿಲ್ಲ. ಮುದ್ದೆ ತಿರುವುವುದು, ಚಪಾತಿ ಹಿಟ್ಟು ನಾದುವುದು, ಹಾಲು ಕರೆಯುವುದು ಈ ಮೂರೂ ಬೆಳಗಿನ ಬಿಗಿತದ ಹೊತ್ತಿನಲ್ಲೇ ಬೀಳುವ ಕೆಲಸಗಳು. ಇವನ್ನು ಮನೆಯ ಬೇರೆಯವರು ವಹಿಸಿಕೊಳ್ಳಬೇಕೆಂದು ಬಾಯಿಬಿಟ್ಟು ಕೇಳಿ; ಮನೆಯವರು ಈ ಸಾಲನ್ನು ಓದುತ್ತಿದ್ದರೆ ಕೇಳುವ ಮೊದಲೇ ವಹಿಸಿಕೊಳ್ಳಿ. ಕುಕ್ಕರುಗಾಲಿನ ಶೌಚಾಲಯಕ್ಕೆ ಕಮೋಡ್ ಕುರ್ಚಿ ಇಟ್ಟುಕೊಳ್ಳುವುದರಲ್ಲಿ ಸಂಕೋಚ ಬೇಡ. ಬೆರಳು ಊದುವ ಮೊದಲೇ ಉಂಗುರ ತೆಗೆದಿಡಿ.

ಬೆಳಿಗ್ಗೆ ಬೆಚ್ಚಗಿನ ನೀರಿನಲ್ಲಿ ಕೈ ಅದ್ದಿ ಹತ್ತು ನಿಮಿಷ ಬೆರಳುಗಳನ್ನು ನಿಧಾನವಾಗಿ ಮಡಿಸಿ ಬಿಡಿಸಿ. ನಡಿಗೆ ನಿಲ್ಲಿಸಬೇಡಿ, ಆದರೆ ಊದಿ ಬಿಸಿಯಾದ ಕೀಲಿಗೆ ಅವತ್ತು ವಿಶ್ರಾಂತಿ ಕೊಡಿ. ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಗಿಸಿ ನೆಟಿಗೆ ತೆಗೆಸುವ ಅಭ್ಯಾಸವಿದ್ದರೆ ಇಂದೇ ಬಿಡಿ. ಹಳೆಯ ರೋಗದಲ್ಲಿ ಕುತ್ತಿಗೆಯ ಮೇಲಿನ ಎಲುಬುಗಳ ಬಂಧ ಸಡಿಲವಾಗಿ, ಆ ಒಂದು ಎಳೆತಕ್ಕೆ ಬೆನ್ನುಹುರಿಗೆ ಪೆಟ್ಟಾಗಬಹುದು. ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ವೈದ್ಯರಿಗೂ ಈ ರೋಗ ಇರುವುದನ್ನು ಹೇಳಿ.

ಹಂತ 7: ಮದುವೆ, ಬಸಿರು, ನೌಕರಿ

ಹೆಣ್ಣುಮಕ್ಕಳ ತಂದೆತಾಯಂದಿರು ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡುತ್ತಾರೆ. ಗಂಡನ ಮನೆಯಲ್ಲಿ ಗುಳಿಗೆ ಕಾಣಿಸಬಾರದೆಂದು ಆಕೆ ನುಂಗುವುದನ್ನೇ ಬಿಡುತ್ತಾಳೆ. ಒಂದೇ ವರ್ಷದಲ್ಲಿ ಬೆರಳುಗಳು ಓರೆಯಾಗತೊಡಗುತ್ತವೆ. ದಯವಿಟ್ಟು ಹೀಗೆ ಮಾಡಬೇಡಿ. ಹತೋಟಿಯಲ್ಲಿರುವ ರೋಗದೊಂದಿಗೆ ಸಂಸಾರ ಮಾಡಬಹುದು, ಮಕ್ಕಳನ್ನು ಹೆರಬಹುದು. ಆದರೆ ಮೆಥೊಟ್ರೆಕ್ಸೇಟ್ ಮತ್ತು ಲೆಫ್ಲುನೊಮೈಡ್ ಬಸಿರಿನಲ್ಲಿ ಮಗುವಿಗೆ ಹಾನಿಕರ. ಮಗು ಬೇಕೆನ್ನುವ ಯೋಚನೆ ಬಂದ ತಕ್ಷಣ ವೈದ್ಯರಿಗೆ ತಿಳಿಸಿದರೆ, ಮೆಥೊಟ್ರೆಕ್ಸೇಟನ್ನು ಸಾಮಾನ್ಯವಾಗಿ ಮೂರು ತಿಂಗಳು ಮೊದಲೇ ನಿಲ್ಲಿಸಿ, ಬಸಿರಿನಲ್ಲೂ ಕೊಡಬಹುದಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಅಥವಾ ಸಲ್ಫಾಸಲಜಿನ್‌ಗೆ ಬದಲಾಯಿಸುತ್ತಾರೆ. ಅಲ್ಲಿಯವರೆಗೆ ಗರ್ಭನಿರೋಧಕ ಬಳಸಬೇಕು.

ಕೀಲುಗಳಿಗೆ ಶಾಶ್ವತ ಹಾನಿಯಾಗಿದ್ದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಚಲನವೈಕಲ್ಯದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಹೆಚ್ಚಿನ ಸೌಲಭ್ಯಗಳಿಗೆ ಶೇಕಡಾ 40ರಷ್ಟಾದರೂ ವೈಕಲ್ಯವಿರಬೇಕು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯು.ಡಿ.ಐ.ಡಿ. ಕಾರ್ಡಿನ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯ ಅರ್ಜಿಗೆ ನೆರವಾಗುತ್ತಾರೆ.

ಹಂತ 8: ನಿಮ್ಮ ಊರಿಗೆ ತಿಳಿಸಿ

ಕಾಯಿಲೆಯೊಂದಿಗೆ ಬದುಕಲು ಕಲಿತವರ ಮಾತಿಗೆ ಯಾವ ಭಿತ್ತಿಪತ್ರಕ್ಕೂ ಇಲ್ಲದ ತೂಕವಿದೆ. ಅಕ್ಟೋಬರ್ 12 ವಿಶ್ವ ಸಂಧಿವಾತ ದಿನ. ಆ ವಾರದಲ್ಲಿ ಸ್ವಸಹಾಯ ಸಂಘದ ಸಭೆಯಲ್ಲಿ ಅರ್ಧ ಗಂಟೆ ಕೇಳಿಕೊಳ್ಳಿ. ಆಶಾ ಕಾರ್ಯಕರ್ತೆಯರನ್ನು ತಪ್ಪದೆ ಕರೆಯಿರಿ, ಏಕೆಂದರೆ ಹಿಟ್ಟು ನಾದಲಾಗದ ಸೊಸೆ, ಸೆರಗು ಸಿಕ್ಕಿಸಲಾಗದ ಅಮ್ಮ ಯಾವ ಮನೆಯಲ್ಲಿದ್ದಾರೆಂದು ಬಲ್ಲವರು ಅವರೇ.

ಮೂರೇ ಪ್ರಶ್ನೆ ಕೇಳಿ: ಕೀಲುಗಳು ಊದಿವೆಯೇ? ಬೆಳಗಿನ ಬಿಗಿತ ಅರ್ಧ ಗಂಟೆ ಮೀರುತ್ತದೆಯೇ? ಗೆಣ್ಣುಗಳ ಸಾಲನ್ನು ಅದುಮಿದರೆ ನೋಯುತ್ತದೆಯೇ? ಆರು ವಾರದಿಂದ ಹೀಗಿದ್ದರೆ ಆಸ್ಪತ್ರೆಗೆ ಕಳಿಸಿ. ಹರೆಯದವರ ಬೆನ್ನುನೋವು ಮಲಗಿದಾಗ ಹೆಚ್ಚಾಗಿ ಓಡಾಡಿದಾಗ ಇಳಿಯುವುದಾದರೆ ಅದನ್ನೂ ತೋರಿಸಲು ಹೇಳಿ. ಶಾಲೆಯಲ್ಲಿ ಮಾತಾಡಲು ಅವಕಾಶ ಸಿಕ್ಕಿದರೆ, ಬೆಳಿಗ್ಗೆ ಕುಂಟುತ್ತ ಬಂದು ಮಧ್ಯಾಹ್ನ ಆಟವಾಡುವ ಮಗು ನಾಟಕವಾಡುತ್ತಿರಬೇಕೆಂದೇನಿಲ್ಲ ಎಂಬುದನ್ನು ಶಿಕ್ಷಕರಿಗೆ ತಿಳಿಸಿ. ಆ ಮಗುವಿನ ಕಣ್ಣನ್ನೂ ತಜ್ಞರಿಗೆ ತೋರಿಸಬೇಕಾಗುತ್ತದೆ, ಏಕೆಂದರೆ ಮಕ್ಕಳ ಸಂಧಿವಾತದಲ್ಲಿ ಕಣ್ಣಿನೊಳಗಿನ ಉರಿಯೂತ ನೋವಿಲ್ಲದೆಯೇ ಬರಬಹುದು.

ಸಭೆಯಲ್ಲಿ ಮಾಡಬಾರದ್ದೂ ಕೆಲವಿವೆ. ನಿಮ್ಮ ಔಷಧಿಯ ಪ್ರಮಾಣವನ್ನು ಹೇಳಬೇಡಿ, ಯಾರೋ ಅದನ್ನೇ ಅಂಗಡಿಯಲ್ಲಿ ಕೇಳಿಯಾರು. ಸೊಟ್ಟಗಾದ ಕೈಗಳ ಚಿತ್ರ ತೋರಿಸಿ ಹೆದರಿಸಬೇಡಿ. ಹೆದರಿದವರು ಆಸ್ಪತ್ರೆಗೆ ಹೋಗುವ ಬದಲು ರೋಗವನ್ನು ಅಡಗಿಸುತ್ತಾರೆ. ಎಣ್ಣೆ, ಪುಡಿ, ಬೆಲ್ಟ್ ಮಾರುವವರಿಗೆ ಪಕ್ಕದಲ್ಲಿ ಮೇಜು ಹಾಕಲು ಬಿಡಬೇಡಿ. ಹತ್ತಿರದ ರುಮಟಾಲಜಿ ಹೊರರೋಗಿ ವಿಭಾಗ ವಾರದ ಯಾವ ದಿನ, ಎಷ್ಟು ಗಂಟೆಗೆ ತೆರೆದಿರುತ್ತದೆ, ಯಾವ ಬಸ್ಸಿನಲ್ಲಿ ಹೋಗಬೇಕು, ಯಾವ ಕಾಗದಪತ್ರ ಬೇಕು ಎಂಬುದನ್ನು ಮೊದಲೇ ವಿಚಾರಿಸಿಕೊಂಡು, ಒಂದು ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಪ್ರತಿಗಳನ್ನು ಬಂದವರ ಕೈಗೆ ಕೊಟ್ಟು ಕಳಿಸಿ.